ಹೆಸರು ಹೇಳಿದ ಗಾಳಿ

ಆಕಾಶದ ವಿಚಾರದಲ್ಲಿ ದೊಡ್ಡಮಾದಯ್ಯನಿಗೆ ಇದ್ದದ್ದು ಒಂದೇ ಅಭಿಪ್ರಾಯ. ಅದು ಬೇಕಾದಷ್ಟು ದೊಡ್ಡದು, ಏನು ಕಳಿಸಿದರೂ ಅದರಲ್ಲಿ ಹಿಡಿಸುತ್ತದೆ. ಇದನ್ನು ಅವನು ಯಾರಿಂದಲೂ ಕೇಳಿ ತಿಳಿದದ್ದಲ್ಲ, ಒಲೆಯ ಮುಂದೆ ಕೂತು ಕೂತು ತಾನೇ ಕಂಡುಕೊಂಡದ್ದು. ನಂಜನಗೂಡಿನಿಂದ ಟಿ. ನರಸೀಪುರಕ್ಕೆ ಹೋಗುವ ರಸ್ತೆಯ ಮಗ್ಗುಲಿಗೆ, ನಾಲೆ ನೀರು ಹರಿಯುವ ಬಯಲಲ್ಲಿ ಸಿದ್ದಮಲ್ಲಪ್ಪನ ಆಲೆಮನೆ ಇತ್ತು. ಅಲ್ಲಿ ಬೆಲ್ಲ ಕಾಯಿಸುವ ಕೊಪ್ಪರಿಗೆಯ ಅಡಿಗೆ ಉರಿ ಹಾಕುವ ಕೆಲಸ ಅವನದು. ಮದುವೆಗೆ ಮುಂಚೆ ಹಿಡಿದ ಕೆಲಸ. ತೊಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಸುತ್ತಿನ ಊರುಗಳಲ್ಲಿ ‘ಉರಿ ಮಾದಯ್ಯ’ ಎಂದರೇ ಅವನ ಗುರುತು ಹತ್ತುತ್ತಿತ್ತು.

ಉರಿ ಹಾಕುವವನಿಗೆ ಕೊಪ್ಪರಿಗೆ ಕಾಣುವುದಿಲ್ಲ. ಕೊಪ್ಪರಿಗೆ ಮೇಲೆ, ಒಲೆಯ ಬಾಯಿ ಕೆಳಗೆ ಗುಂಡಿಯಲ್ಲಿ, ನಡುವೆ ಮಣ್ಣಿನ ಗೋಡೆ. ಮೇಲೆ ನಿಂತು ಪಾಕ ನೋಡುವ ಸಿದ್ದಮಲ್ಲಪ್ಪ ಕೂಗಬೇಕು, ಕೆಳಗೆ ಕೂತ ಮಾದಯ್ಯ ಕೇಳಿಸಿಕೊಳ್ಳಬೇಕು. ‘ಉರಿ ಕೊಡ್ಲಾ’ ಎಂದರೆ ಒಣಗಿದ ಕಬ್ಬಿನ ಸಿಪ್ಪೆಯನ್ನು ತೋಳು ತುಂಬ ಅಪ್ಪಿ ಒಳಕ್ಕೆ ನೂಕುವುದು, ‘ಸಾಕ್ಲಾ’ ಎಂದರೆ ಕೆದಕಿ ತಣಿಸುವುದು. ಒಂದು ಕೂಗು ತಪ್ಪಿದರೂ ಪಾಕ ಸೀದು ಬೆಲ್ಲ ಕಪ್ಪಾಗುತ್ತದೆ. ಮಾದಯ್ಯ ಕೂಗು ತಪ್ಪಿಸಿದವನಲ್ಲ. ಗಾಣದ ಎಂಜಿನ್ನು ಎಷ್ಟೇ ಬಡಿದುಕೊಳ್ಳಲಿ, ಅವನ ಕಿವಿ ಗೋಡೆಯಾಚೆಗೇ ಇರುತ್ತಿತ್ತು. ಬಿಡುವು ಸಿಕ್ಕಾಗ ಗುಂಡಿಯಲ್ಲೇ ಒರಗಿ ತಲೆ ಎತ್ತಿ ಚಿಮ್ನಿಯ ತುದಿ ನೋಡುತ್ತಿದ್ದ. ಹೊಗೆ ನೆಟ್ಟಗೆ ಏರುತ್ತಿತ್ತು, ಏರಿ ಕಾಣೆಯಾಗುತ್ತಿತ್ತು. ಕಾಣೆಯಾದದ್ದು ಹೋಗಿಯೇ ಬಿಟ್ಟಿತು ಎಂದು ಅವನ ಲೆಕ್ಕ. ಅವನೊಬ್ಬನದೇನು, ಚಿಮ್ನಿ ಕಟ್ಟಿಸಿದವರೆಲ್ಲರ ಲೆಕ್ಕವೂ ಅದೇ.

ಅವನ ಹೆಂಡತಿ ಪುಟ್ಟಮಾದಮ್ಮನಿಗೂ ಅಲ್ಲೇ ಕೂಲಿ. ಗಾಣದಿಂದ ಬಂದ ಹಸಿ ಸಿಪ್ಪೆಯನ್ನು ಬಯಲಲ್ಲಿ ಹರವಿ, ತಿರುವಿ ಒಣಗಿಸಿ ಗುಂಡಿಗೆ ತಂದು ಹಾಕುವುದು ಅವಳ ಪಾಲಿನ ಕೆಲಸ. ಅವಳ ಬಾಯಿ ಜೋರು, ನಗು ಅದಕ್ಕಿಂತ ಜೋರು. ಆದರೆ ಗಂಡನ ಹೆಸರು ಮಾತ್ರ ಆ ಬಾಯಲ್ಲಿ ಒಂದು ದಿನವೂ ಬಂದದ್ದಿಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಸವೆಯುತ್ತದೆ ಎಂದು ಅವಳ ಅವ್ವ ಹೇಳಿಕೊಟ್ಟಿದ್ದಳು. ಮಗಳು ಹುಟ್ಟುವ ತನಕ ‘ಇಕಾ ಇಲ್ಲಿ’ ಎಂದು ಕರೆಯುತ್ತಿದ್ದವಳು ಆಮೇಲೆ ‘ರಂಜಿನಿ ಅಪ್ಪ’ ಎನ್ನತೊಡಗಿದಳು. ರೇಷನ್ ಕಾರ್ಡಿಗೆ ಹೆಸರು ಬರೆದುಕೊಳ್ಳಲು ಬಂದ ಗುಮಾಸ್ತ ಯಜಮಾನರ ಹೆಸರು ಕೇಳಿದಾಗ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ‘‘ಮೊದ್ಲು ದೊಡ್ಡ ಅಂತ ಬರ್ಕಳಿ ಸಾ. ಆಮ್ಯಾಕೆ ಆ ಬೆಟ್ಟದ ಮ್ಯಾಲಿರೋ ಸ್ವಾಮಿ ಎಸ್ರು ಸೇರಿಸ್ಕಳಿ’’ ಎಂದಿದ್ದಳು. ಅವಳ ಮನಸ್ಸಿನಲ್ಲಿದ್ದದ್ದು ಮಾದಪ್ಪ. ಗುಮಾಸ್ತನಿಗೆ ಅಷ್ಟು ದೂರದ ಬೆಟ್ಟ ಹತ್ತುವ ವ್ಯವಧಾನವಿರಲಿಲ್ಲ. ‘ದೊಡ್ಡಬೆಟ್ಟಯ್ಯ’ ಎಂದು ಬರೆದುಕೊಂಡು ಹೋದ. ಮುಂದೆ ಎಷ್ಟೋ ವರ್ಷ ಮಾದಯ್ಯ ಆ ಹೆಸರಿನಲ್ಲೇ ಸೀಮೆಎಣ್ಣೆ ತಂದ.

ತೊಂಬತ್ತೇಳರ ಮಳೆಗಾಲದಲ್ಲಿ ಸಿಪ್ಪೆ ಒಣಗಲಿಲ್ಲ. ಹಸಿ ಸಿಪ್ಪೆ ಉರಿಯುವುದಿಲ್ಲ, ಬುಸುಗುಟ್ಟುತ್ತದೆ ಅಷ್ಟೆ. ಕಡಿದ ಕಬ್ಬು ಅಂಗಳದಲ್ಲಿ ಹುಳಿಯಾಗುತ್ತಿತ್ತು. ಆಗ ಸಿದ್ದಮಲ್ಲಪ್ಪ ಮೈಸೂರಿನಿಂದ ಒಂದು ಲಾರಿ ಹಳೆಯ ಟೈರು ತರಿಸಿದ. ಒಂದನ್ನು ಕಡಿದು ತುಂಡು ಮಾಡಿ ಒಲೆಗೆ ಎಸೆದು ನೋಡಿದ ಮಾದಯ್ಯ ಬೆರಗಾದ. ತೋಳು ನೋಯುವಷ್ಟು ಸಿಪ್ಪೆ ನೂಕಿದರೂ ಬಾರದ ಉರಿ ಒಂದೇ ತುಂಡಿನಲ್ಲಿ ಬರುತ್ತಿತ್ತು. ಹೊಗೆ ಕಪ್ಪಗಿತ್ತು, ವಾಸನೆ ಮೂಗಿಗೆ ಕಟ್ಟುತ್ತಿತ್ತು. ಆದರೆ ಅದೂ ಮೇಲಕ್ಕೇ ಹೋಯಿತಲ್ಲ! ಮಳೆ ನಿಂತ ಮೇಲೂ ಟೈರು ನಿಲ್ಲಲಿಲ್ಲ. ಕಾಗದದ ಕಾರ್ಖಾನೆಗೆ ಸಿಪ್ಪೆ ಕೊಂಡುಕೊಳ್ಳುವವರು ಬರತೊಡಗಿದ್ದರಿಂದ ಸಿಪ್ಪೆಯೆಲ್ಲ ಲಾರಿ ಹತ್ತಿತು, ಒಲೆಗೆ ಟೈರೇ ಗತಿಯಾಯಿತು. ಯಾವಾಗ ಎಷ್ಟು ತುಂಡು ಹಾಕಬೇಕು, ಹೇಗೆ ಹಾಕಿದರೆ ಉರಿ ಏಕಸಮ ಬರುತ್ತದೆ ಎಂಬುದನ್ನೆಲ್ಲ ಮಾದಯ್ಯ ಬೇಗ ಕಲಿತ. ಕಲಿತದ್ದಕ್ಕೆ ಅವನಿಗೆ ಹೆಮ್ಮೆಯೂ ಇತ್ತು.

ಮಗಳು ರಂಜಿನಿ ಆಗ ಹೈಸ್ಕೂಲಿನಲ್ಲಿದ್ದಳು. ಪಾಠವನ್ನು ಗಟ್ಟಿಯಾಗಿ ಓದಿದರೇ ತಲೆಗೆ ಹತ್ತುವುದು ಎಂಬ ನಂಬಿಕೆ ಅವಳದು. ಒಂದು ಸಂಜೆ ಜಗಲಿಯಲ್ಲಿ ಕೂತು ವಾಯುಮಂಡಲದ ಪಾಠ ಬಾಯಿಪಾಠ ಮಾಡುತ್ತಿದ್ದಳು. ಪರಿವರ್ತನ ಮಂಡಲ, ಅದರ ಮೇಲೆ ಸಮೋಷ್ಣ ಮಂಡಲ, ಅದರ ಮೇಲೆ ಮಧ್ಯಂತರ ಮಂಡಲ, ಉಷ್ಣತಾ ಮಂಡಲ, ಕಟ್ಟಕಡೆಗೆ ಬಾಹ್ಯ ಮಂಡಲ. ಕಾಲು ತೊಳೆದು ಬಂದ ಮಾದಯ್ಯ ಪಕ್ಕದಲ್ಲಿ ಕೂತು ಬೀಡಿ ಹಚ್ಚಿದ.

‘‘ಇಷ್ಟೊಂದು ಅಂತಸ್ತು ಐತಾ ಮ್ಯಾಲೆ?’’ ಎಂದ.

‘‘ಊಂ ಅಪ್ಪ. ಮೋಡ, ಮಳೆ ಎಲ್ಲ ಕೆಳಗಿನದ್ರಲ್ಲಿ. ಎರಡನೇದ್ರಲ್ಲಿ ಓಝೋನ್ ಅಂತ ಒಂದು ಪದರ ಐತೆ, ಬಿಸಿಲಿನಲ್ಲಿರೋ ಕೆಟ್ಟ ಕಿರಣ ತಡೀತದೆ. ಬೀಳೋ ಉಲ್ಕೆಗಳು ಮೂರನೇದ್ರಲ್ಲಿ ಉರಿದೋಗ್ತವೆ.’’

‘‘ನನ್ ಒಗೆ ಯಾವ್ ಅಂತಸ್ತಿಗೆ ಓಗ್ತದೆ ಏಳು ನೋಡಾನ.’’

ರಂಜಿನಿ ಪುಸ್ತಕ ಮುಚ್ಚಿದಳು. ‘‘ಎಲ್ಲಿಗೂ ಓಗಲ್ಲ. ಇಲ್ಲೇ ಕೆಳಗಿನದ್ರಲ್ಲೇ ಇರ್ತದೆ. ನಾವು ಉಸಿರಾಡೋದೂ ಅದ್ರಲ್ಲೇ. ಶ್ರೀಕಂಠ ಮೇಷ್ಟ್ರು ಏಳುದ್ರು, ಮೇಲೆ ಓದಷ್ಟೂ ಗಾಳಿ ತಣ್ಣಗಾಯ್ತದಂತೆ, ಅದಕ್ಕೇ ಬಿಸಿ ಒಗೆ ಏರ್ತದಂತೆ. ಆದ್ರೆ ಚಳಿಗಾಲದ ಬೆಳಿಗ್ಗೆ ತಿರುವುಮುರುವು. ನೆಲ ತಣ್ಣಗಾಗಿ ಅದ್ರ ಅತ್ರದ ಗಾಳಿನೂ ತಣ್ಣಗಿರ್ತದೆ. ಮೇಲ್ಗಡೆ ಬೆಚ್ಚಗಿನ ಗಾಳಿ ಮಡಕೆಗೆ ಮುಚ್ಚಳ ಆಕ್ದಂಗೆ ಕೂತ್ಕತದೆ. ಒಗೆ ಅಲ್ಲಿಗೇ ನಿಂತೋಯ್ತದೆ.’’

ಮಾದಯ್ಯನಿಗೆ ಈ ಮಾತು ಹಿಡಿಸಲಿಲ್ಲ. ಇಷ್ಟು ವರ್ಷ ಚಿಮ್ನಿ ನೋಡಿದ ತನಗಿಂತ ಆ ಮೇಷ್ಟ್ರಿಗೆ ಹೊಗೆಯ ವಿಚಾರ ಗೊತ್ತೇ? ‘‘ಗಾಳಿ ಕೆಡಿಸೋವ್ರು ಯಾರ್ಯಾರು ಅಂತ ಬರದವ್ರೆ? ಓದು’’ ಎಂದ. ಅವಳು ಓದಿದಳು: ಕಾರ್ಖಾನೆಗಳು, ವಾಹನಗಳು, ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರಗಳು, ಕಸಕಡ್ಡಿ ಸುಡುವುದು. ಮೈಸೂರಿಗೆ ಹೋಗುವಾಗ ತಾಂಡವಪುರದ ಹತ್ತಿರ ಬಸ್ಸಿನಿಂದ ಕಾರ್ಖಾನೆಗಳನ್ನು ಮಾದಯ್ಯನೂ ಕಂಡಿದ್ದ. ‘‘ಸರಿಯಾಗೇ ಬರದವ್ರೆ. ಆಲೆಮನೆ ಎಸ್ರು ಇಲ್ವಲ್ಲ’’ ಎಂದು ಬೀಡಿಯನ್ನು ಕಲ್ಲಿಗೆ ಉಜ್ಜಿ ಎದ್ದ. ಪುಸ್ತಕವೇ ಅವನನ್ನು ಖುಲಾಸೆ ಮಾಡಿತ್ತು.

ಮಾರನೆಯ ವರ್ಷದ ಮಾಗಿಯಲ್ಲಿ ಪುಟ್ಟಮಾದಮ್ಮನಿಗೆ ಕೆಮ್ಮು ಹತ್ತಿತು. ಮೊದಲು ಬೆಳಗಿನ ಹೊತ್ತು, ಆಮೇಲೆ ಹೊತ್ತುಗೊತ್ತಿಲ್ಲದೆ. ಬಿಂದಿಗೆ ಹೊತ್ತು ನಾಲ್ಕು ಹೆಜ್ಜೆ ಬಂದರೆ ಎದೆ ಸೀಟಿ ಹಾಕುತ್ತಿತ್ತು. ಅವಳ ನಗು ನಿಂತುಹೋಯಿತು, ನಕ್ಕರೆ ಉಸಿರು ಕಟ್ಟುತ್ತಿತ್ತು. ನಗದ ಹೆಂಡತಿಯನ್ನು ನೋಡಿ ಮಾದಯ್ಯನಿಗೆ ಹೆದರಿಕೆಯಾಯಿತು. ಕೆಲಸ ಬಿಟ್ಟು ನರಸೀಪುರಕ್ಕೆ ಕರೆದುಕೊಂಡು ಹೋದ. ಅಲ್ಲಿ ಸುಚೇತಾ ಎಂಬ ಡಾಕ್ಟರಮ್ಮನ ಕ್ಲಿನಿಕ್ಕು ಹೆಸರುವಾಸಿ.

ಡಾಕ್ಟರಮ್ಮ ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ‘‘ಮನೇಲಿ ಹೊಗೆ ಇರುತ್ತಾ?’’ ಎಂದು ವಿಚಾರಿಸಿದರು.

‘‘ಸೌದೆ ಒಲೆ ಐತೆ ಅವ್ವಾ. ಆದ್ರೆ ಒಗೆ ಎಂಚಿನ ಸಂದಿಂದ ಮ್ಯಾಕೆ ಓಯ್ತದೆ’’ ಎಂದ ಮಾದಯ್ಯ. ಆಲೆಮನೆಯ ಮಾತನ್ನು ಅವನು ಎತ್ತಲಿಲ್ಲ. ಬಚ್ಚಿಟ್ಟನೆಂದಲ್ಲ. ಮನೆಯ ಹೊಗೆ ಕೇಳಿದರು, ಮನೆಯದನ್ನು ಹೇಳಿದ.

ಹೊರಗೆ ಬೆಂಚಿನ ಮೇಲೆ ರೋಗಿಗಳು ತುಂಬಿದ್ದರು. ಡಾಕ್ಟರಮ್ಮ ಬಾಯಿಗೆ ಹಿಡಿದು ಎಳೆದುಕೊಳ್ಳುವ ಔಷಧಿಯೊಂದನ್ನು ಕೊಟ್ಟು, ಕೈ ತೊಳೆಯುತ್ತಾ ಹೇಳಿದರು: ‘‘ಇದು ಗಾಳಿಯಿಂದ ಆಗಿರೋದಪ್ಪ. ಕೆಟ್ಟ ಗಾಳಿ ಇವರಿಗೆ ಆಗ್ತಿಲ್ಲ. ಆ ಗಾಳಿಯಿಂದ ಇವರನ್ನ ಬಿಡಿಸಬೇಕು, ಇಲ್ದಿದ್ರೆ ಔಷಧಿ ನಾಟಲ್ಲ.’’

ಮಾದಯ್ಯ ಹೊರಗೆ ಬಂದ. ಡಾಕ್ಟರೇ ಗಾಳಿ ಎಂದುಬಿಟ್ಟರಲ್ಲ! ಆ ಸೀಮೆಯಲ್ಲಿ ಗಾಳಿ ಎಂದರೆ ಬೀಸುವುದೂ ಹೌದು, ಮೆಟ್ಟಿಕೊಳ್ಳುವುದೂ ಹೌದು. ಸತ್ತವರ ಆತ್ಮವೋ ಬೇಲಿಯಂಚಿನ ಪೀಡೆಯೋ ಹೆಂಗಸರ ಮೈಸೇರಿದರೆ ‘ಕೆಟ್ಟ ಗಾಳಿ’ ಎನ್ನುತ್ತಾರೆ, ಅದನ್ನು ಓಡಿಸುವುದಕ್ಕೆ ‘ಬಿಡಿಸುವುದು’ ಎನ್ನುತ್ತಾರೆ. ಡಾಕ್ಟರಮ್ಮ ಬಳಸಿದ ಮಾತುಗಳು ಅವೇ, ಒಂದೂ ಆಚೀಚೆ ಇರಲಿಲ್ಲ. ಓದಿದವರೇ ಹೇಳಿದ ಮೇಲೆ ಅನುಮಾನಕ್ಕೆ ಎಡೆಯೆಲ್ಲಿ? ಬಸ್‌ಸ್ಟ್ಯಾಂಡಿನಲ್ಲಿ ಹೆಂಡತಿಗೆ ಬಾಳೆಹಣ್ಣು ಕೊಡಿಸಿ ಅವನು ಮೆಲ್ಲಗೆ, ‘‘ರಾಮಯ್ಯನ್ನ ಕರೆಸ್ತೀನಿ ಕಣಮ್ಮಿ’’ ಎಂದ. ಅವಳಿಗೆ ಮಾತಾಡುವಷ್ಟು ಉಸಿರಿರಲಿಲ್ಲ, ತಲೆಯಾಡಿಸಿದಳು.

ರಾಮಯ್ಯ ಹೆಮ್ಮರಗಾಲದ ಆಚೆಯ ಒಂದು ಹಳ್ಳಿಯವನು, ಗಾಳಿ ಬಿಡಿಸುವುದರಲ್ಲಿ ಹೆಸರು ಮಾಡಿದವನು. ಮೋಸಗಾರನಲ್ಲ, ತನ್ನ ವಿದ್ಯೆಯನ್ನು ಮನಸಾರೆ ನಂಬಿದ್ದ. ನಂಬದೆ ಮಾಡಿದ್ದರೆ ಅರ್ಧಕ್ಕೆ ಬಿಟ್ಟಾದರೂ ಬಿಡುತ್ತಿದ್ದನೇನೋ. ಒಂದು ಶನಿವಾರ ಬೆಳಿಗ್ಗೆ ಬಂದು ಪುಟ್ಟಮಾದಮ್ಮನನ್ನು ಒಳಮನೆಯಲ್ಲಿ ಕೂರಿಸಿದ. ಕಿಟಕಿಗೆ ಗೋಣಿಚೀಲ ಕಟ್ಟಿಸಿದ. ಕೆಂಡದ ಕುಂಡದಲ್ಲಿ ಸಾಂಬ್ರಾಣಿ, ಬೇವಿನ ಸೊಪ್ಪು, ಒಣಮೆಣಸಿನಕಾಯಿ ಹಾಕಿ, ತನ್ನ ಬಾಯಿಗೆ ಒದ್ದೆ ಬಟ್ಟೆ ಸುತ್ತಿಕೊಂಡ. ಮಾದಯ್ಯನನ್ನು ಹೊರಗೆ ಕಳಿಸಿ ಹೇಳಿದ: ‘‘ಚಿಲಕ ಆಕಿ ಇಡ್ಕ. ಗಾಳಿ ಬುಡೋ ಒತ್ನಲ್ಲಿ ಅವ್ಳನ್ನೂ ಎಳ್ಕಂಡು ಓಡಕ್ಕೆ ನೋಡ್ತದೆ. ಏನ್ ಕೂಗುದ್ರೂ ತೆಗೀಬ್ಯಾಡ.’’

ಮಾದಯ್ಯ ಎರಡೂ ಕೈಯಲ್ಲಿ ಚಿಲಕ ಹಿಡಿದು ನಿಂತ. ಒಳಗಿನಿಂದ ಕೆಮ್ಮು ಕೇಳಿಸಿತು. ರಾಮಯ್ಯನ ದನಿ ಕೇಳಿಸಿತು: ‘‘ಯಾರು ನೀನು? ಎಸ್ರೇಳು!’’ ಮತ್ತೆ ಕೆಮ್ಮು. ‘‘ರಂಜಿನಿ ಅಪ್ಪ’’ ಎಂದು ಕೀರಲು ಕೂಗು. ಮಾದಯ್ಯನ ಕೈ ಚಿಲಕದ ಮೇಲೆ ಸಡಿಲವಾಯಿತು, ಮತ್ತೆ ಬಿಗಿಯಾಯಿತು. ‘‘ಎಸ್ರೇಳ್ತೀಯೋ ಇಲ್ವೋ?’’ ಎಂದು ರಾಮಯ್ಯ ಗದರಿದ.

ಆಗ ಒಳಗಿನಿಂದ, ‘‘ಮಾದಯ್ಯಾ... ಮಾದಯ್ಯಾ...’’ ಎಂಬ ಕೂಗು ಬಂತು.

ಅವಳ ಬಾಯಲ್ಲಿ ತನ್ನ ಹೆಸರು! ಸೀಮೆಎಣ್ಣೆ ಹೋದರೂ ಸರಿ ಎಂದು ಸರ್ಕಾರಕ್ಕೂ ಹೇಳದ ಹೆಸರು. ಇದು ಅವಳಲ್ಲ, ಅವಳು ಹೇಳುವವಳೇ ಅಲ್ಲ. ಒಳಗಿರುವುದು ನಿಜವಾಗಿಯೂ ಗಾಳಿಯೇ ಎಂದು ಅವನಿಗೆ ಆ ಕ್ಷಣದಲ್ಲಿ ಖಾತ್ರಿಯಾಯಿತು. ಚಿಲಕವನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಕೂಗು ಇನ್ನೊಮ್ಮೆ ಬಂತು, ಅರ್ಧಕ್ಕೆ ನಿಂತಿತು. ಆಯುಷ್ಯವೆಲ್ಲ ಗೋಡೆಯಾಚೆಯ ಕೂಗಿಗೆ ಓಗೊಟ್ಟುಕೊಂಡು ಬಂದ ಮನುಷ್ಯ, ಅಂದು ಒಂದಕ್ಕೂ ಓಗೊಡಲಿಲ್ಲ.

ಶನಿವಾರ ಅರ್ಧ ದಿನದ ಸ್ಕೂಲು. ರಂಜಿನಿ ಬೀದಿಯ ತಿರುವಿನಲ್ಲೇ ಮೆಣಸಿನಕಾಯಿಯ ಘಾಟು ಹಿಡಿದು ಓಡಿಬಂದಳು. ‘‘ಅಪ್ಪ, ಅವ್ವ ಎಲ್ಲಿ? ಬಾಗ್ಲು ತೆಗಿ!’’

‘‘ಅದು ನಿಮ್ಮವ್ವ ಅಲ್ಲ ಕಣವ್ವ, ಗಾಳಿ. ನನ್ ಎಸ್ರಿಡಿದು ಕೂಗ್ತಾ ಅದೆ.’’

ರಂಜಿನಿ ವಾದ ಮಾಡಲಿಲ್ಲ, ಅವನ ಕೈ ಕಚ್ಚಿದಳು. ನೋವಿಗೆ ಅವನು ಕೈ ಬಿಟ್ಟಾಗ ಚಿಲಕ ಸರಿಸಿ ಒಳಗೆ ನುಗ್ಗಿದಳು. ಹೊಗೆ ಬಾಗಿಲಿನಿಂದ ಮಗುಚಿಕೊಂಡು ಬಂತು. ಪುಟ್ಟಮಾದಮ್ಮ ಗೋಡೆಗೆ ಜಾರಿ ಬಿದ್ದಿದ್ದಳು, ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಗಾಳಿ ಬಿಡುವ ಹೊತ್ತಿನಲ್ಲಿ ಹೀಗೆ ಆಗುವುದುಂಟು ಎಂದು ರಾಮಯ್ಯ ಹೇಳುತ್ತಲೇ ಇದ್ದ. ಯಾರೂ ಕೇಳಿಸಿಕೊಳ್ಳಲಿಲ್ಲ. ಬೆಲ್ಲ ತುಂಬಲು ನಿಂತಿದ್ದ ಸಿದ್ದಮಲ್ಲಪ್ಪನ ಟೆಂಪೋದಲ್ಲಿ ಅವಳನ್ನು ಮಲಗಿಸಿಕೊಂಡು ನಂಜನಗೂಡಿನ ಆಸ್ಪತ್ರೆಗೆ ಒಯ್ದರು.

ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದ ಮೇಲೆ ಸಂಜೆಯ ಹೊತ್ತಿಗೆ ಅವಳು ಕಣ್ಣು ಬಿಟ್ಟಳು. ಮಾದಯ್ಯ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದ, ಕೈಯಲ್ಲಿ ಮಗಳ ಹಲ್ಲಿನ ಗುರುತಿತ್ತು. ರಂಜಿನಿ ನರಸೀಪುರದ ಡಾಕ್ಟರಮ್ಮ ಹೇಳಿದ್ದನ್ನು ಅವನ ಬಾಯಿಂದ ಹೊರಡಿಸಿ, ತಲೆ ಚಚ್ಚಿಕೊಂಡಳು. ‘‘ಅಪ್ಪ, ಅವ್ರು ಏಳಿದ್ದು ಆ ಗಾಳಿ ಅಲ್ಲ. ಈ ಗಾಳಿ. ಮೂಗಲ್ಲಿ ಎಳ್ಕೊಳೋ ಗಾಳಿ.’’

ಮಾದಯ್ಯ ಹೆಂಡತಿಯ ಕಡೆ ನೋಡದೆ ಕೇಳಿದ: ‘‘ನನ್ ಎಸ್ರು ಯಾಕಮ್ಮಿ ಕೂಗ್ದೆ?’’

ಅವಳು ಉಸಿರು ಕೂಡಿಸಿಕೊಂಡು ಒಂದೊಂದೇ ಮಾತು ಹೇಳಿದಳು. ‘‘ರಂಜಿನಿ ಅಪ್ಪ ಅಂದೆ. ನೀನು ತೆಗೀಲಿಲ್ಲ. ಎಸ್ರಿಡಿದು ಕೂಗುದ್ರಾದ್ರೂ... ತೆಗೀತೀಯ ಅಂದ್ಕಂಡೆ.’’

ಅವನು ಟವಲಿನಲ್ಲಿ ಮುಖ ಮುಚ್ಚಿಕೊಂಡ. ಅಳು ಬಂತು, ಅತ್ತ. ವಾರ್ಡಿನವರು ನೋಡಿದರು, ನೋಡಲಿ ಎಂದು ಬಿಟ್ಟ.

ಮಾರನೆಯ ಬೆಳಿಗ್ಗೆ ಮನೆಯಿಂದ ಬಟ್ಟೆ ತರಲು ಮೊದಲ ಬಸ್ಸು ಹತ್ತಿದ. ಮಾಗಿಯ ಚಳಿ, ಬಯಲ ತುಂಬ ಮಂಜು. ಊರು ಹತ್ತಿರವಾಗುವಾಗ ರಸ್ತೆ ಒಂದು ಏರು ಹತ್ತಿ ಇಳಿಯುತ್ತದೆ. ಏರಿನ ನೆತ್ತಿಯಲ್ಲಿ ಬಸ್ಸು ಯಾರನ್ನೋ ಹತ್ತಿಸಿಕೊಳ್ಳಲು ನಿಂತಿತು. ಮಾದಯ್ಯ ಕಿಟಕಿಯಿಂದ ಕೆಳಗೆ ನೋಡಿದ. ಅವನಿಲ್ಲದ್ದರಿಂದ ಅಂದು ಕೇರಿಯ ಮಾದು ಉರಿಗೆ ಕೂತಿದ್ದ. ಆಲೆಮನೆಯ ಚಿಮ್ನಿಯಿಂದ ಕಪ್ಪು ಹೊಗೆ ಎದ್ದು, ತೆಂಗಿನ ಮರಗಳ ತುದಿಯನ್ನು ದಾಟಿ ಕೊಂಚ ಮೇಲೆ ಹೋಗಿ ನಿಂತುಬಿಟ್ಟಿತ್ತು. ಮುಂದಕ್ಕೆ ಏರಲು ದಾರಿಯೇ ಇಲ್ಲದಂತೆ ಅಡ್ಡಡ್ಡಕ್ಕೆ ಹರಡಿ, ಬಯಲು ದಾಟಿ, ಅವನ ಕೇರಿಯ ಹೆಂಚುಗಳ ಮೇಲೆ ಕವುಚಿಕೊಂಡಿತ್ತು. ಅದರ ಮೇಲಿನ ಆಕಾಶ ತೊಳೆದಿಟ್ಟ ಹಾಗೆ ತಿಳಿಯಾಗಿತ್ತು.

ಗುಂಡಿಯಲ್ಲಿ ಕೂತು ನೋಡಿದವನಿಗೆ ಹೊಗೆ ಏರುವುದಷ್ಟೇ ಕಂಡಿತ್ತು. ಅದು ಎಲ್ಲಿ ನಿಲ್ಲುತ್ತದೆ ಎಂಬುದು ಕಂಡಿರಲಿಲ್ಲ. ಮಗಳು ಹೇಳಿದ ಮುಚ್ಚಳ ಇದೇ. ಮುಚ್ಚಳದಡಿಯಲ್ಲಿ ಇಷ್ಟು ದಿನ ಬೇಯುತ್ತಿದ್ದದ್ದು ಯಾರು ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವನು ಮನೆಗೆ ಹೋಗುವ ಮೊದಲು ಆಲೆಮನೆಗೆ ಹೋದ. ಸಿದ್ದಮಲ್ಲಪ್ಪ ಕೊಪ್ಪರಿಗೆಯ ಪಕ್ಕದಿಂದಲೇ, ‘‘ಎಂಗವ್ಳ್ಲಾ ನಿನ್ನೆಂಡ್ತಿ? ಬದುಕುದ್ಲಲ್ಲ, ಸದ್ಯ. ಯಾವ್ ಗಾಳಿ ಮೆಟ್ಟಿತ್ತಂತೆ?’’ ಎಂದ. ಟೆಂಪೋ ಕೊಟ್ಟವನು, ಕಾಳಜಿಯಿಂದಲೇ ಕೇಳಿದ.

‘‘ನಿಮ್ಮೊಲೇದು, ನನ್ ಕೈದು, ಬುದ್ಧೀ’’ ಎಂದ ಮಾದಯ್ಯ. ‘‘ಎಸ್ರು ಕೇಳುದ್ರು, ಅವ್ಳು ನನ್ನೆಸ್ರೇ ಏಳುದ್ಲು. ಇನ್ಮ್ಯಾಕೆ ಟೈರು ಆಕಕಿಲ್ಲ ನಾನು. ಸಿಪ್ಪೆ ಉಳಿಸ್ಕೊಡಿ, ಚಪ್ಪರ ಆಕಿ ನಾನೇ ಒಣಗಿಸ್ಕತೀನಿ.’’

ಸಿದ್ದಮಲ್ಲಪ್ಪ ನಕ್ಕ, ಆಮೇಲೆ ರೇಗಿದ, ಆಮೇಲೆ ಬುದ್ಧಿ ಹೇಳಿದ. ಸಿಪ್ಪೆಗೆ ಮುಂಗಡ ಈಸಿಕೊಂಡಾಗಿತ್ತು, ಟೈರಿನ ಲಾರಿ ದಾರಿಯಲ್ಲಿತ್ತು. ‘‘ಉರಿ ಆಕಕ್ಕೆ ನೀನೊಬ್ನೇ ಏನ್ಲಾ ಇರೋದು?’’ ಎಂದ. ಅಲ್ಲ, ಮಾದು ಆಗಲೇ ಕೂತಿದ್ದ. ಮಾದಯ್ಯ ಗುಂಡಿಗೆ ಇಳಿದು ತನ್ನ ಕೆದಕುವ ಕೋಲನ್ನು ತೆಗೆದುಕೊಂಡು ಹೊರಟ. ಉರಿ ಮಾದಯ್ಯ ಎಂಬ ಹೆಸರು ಅಲ್ಲಿಗೆ ಮುಗಿಯಿತು.

ಆಮೇಲೆ ಅವನು ಕಬ್ಬು ಕಡಿಯುವ ಕೂಲಿಗೆ ಹೋದ. ಕೂಲಿ ಕಡಿಮೆ, ಮೈಗೆ ಕಷ್ಟ ಹೆಚ್ಚು. ಸುಖವಾಯಿತೆಂದು ಅವನೂ ಹೇಳಲಿಲ್ಲ. ಡಾಕ್ಟರಮ್ಮನ ಹತ್ತಿರ ಮತ್ತೆ ಹೋಗಿ ಈ ಸಲ ಆಲೆಮನೆಯ ಮಾತನ್ನೂ ಹೇಳಿದ. ಅವರು ಪೆನ್ನು ಕೆಳಗಿಟ್ಟು, ‘‘ಮೊದಲೇ ನಾನು ಕೇಳಬೇಕಿತ್ತು’’ ಎಂದರು. ಪ್ರತಿ ವರ್ಷ ಮಾಗಿ ಬಂತೆಂದರೆ ಅವನು ಪುಟ್ಟಮಾದಮ್ಮನನ್ನು ತಗಡೂರಿನ ತವರಿಗೆ ಕಳಿಸುತ್ತಿದ್ದ. ಅಲ್ಲಿ ಅವಳ ಎದೆ ಸೀಟಿ ಹಾಕುತ್ತಿರಲಿಲ್ಲ, ನಗುವೂ ಸ್ವಲ್ಪ ವಾಪಸು ಬಂತು. ಎರಡು ಸಾವಿರದ ಮೇಲೆ ಬಯಲಲ್ಲಿ ಇನ್ನೂ ಆಲೆಮನೆಗಳು ಎದ್ದವು. ಜೀಪಿನಲ್ಲಿ ಅಧಿಕಾರಿಗಳು ಬಂದರು, ಟೈರು ನಿಂತಿತು. ಅವರು ಹೋದರು, ಟೈರು ಬಂತು. ಭೂಮಿಗಾದರೆ ಪಹಣಿ ಇದೆ, ಹಿಸ್ಸೆ ಇದೆ. ಕೇರಿಯ ಮೇಲಿನ ಗಾಳಿ ಯಾರ ಖಾತೆಯಲ್ಲೂ ಇರಲಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಮಾದಯ್ಯ ಹೆಂಡತಿಗೆ ಒಂದೇ ಮಾತು ಹೇಳಿದ್ದ: ‘‘ಇನ್ಮ್ಯಾಕೆ ಎಸ್ರಿಡಿದೇ ಕೂಗು.’’ ಮೊದಮೊದಲು ಅವಳಿಗೆ ನಾಲಿಗೆ ಹೊರಳಲಿಲ್ಲ. ಆಯಸ್ಸು ಸವೀತದೆ ಕಣಯ್ಯ ಎಂದಳು. ಸವೆಯಲಿ ಎಂದ. ಬರಬರುತ್ತಾ ರೂಢಿಯಾಯಿತು. ಬೀದಿಯ ಈ ತುದಿಯಿಂದ ಆ ತುದಿಗೆ, ಹತ್ತು ಜನರ ಎದುರಿಗೆ, ‘‘ಮಾದಯ್ಯಾ’’ ಎಂದು ಕೂಗುತ್ತಿದ್ದಳು. ಕೇರಿಯ ಹೆಂಗಸರು ಮುಖ ಮುಖ ನೋಡಿಕೊಂಡರು. ರಾಮಯ್ಯ ಅರ್ಧಕ್ಕೆ ಬಿಟ್ಟು ಹೋದದ್ದರಿಂದ ಪುಟ್ಟಮಾದಮ್ಮನಿಗೆ ಗಾಳಿ ಪೂರ್ತಿ ಬಿಟ್ಟಿಲ್ಲ, ಇಲ್ಲದಿದ್ದರೆ ಗಂಡನ ಹೆಸರು ಹೀಗೆ ಕೂಗುತ್ತಾಳೆಯೇ ಎಂದು ಆಡಿಕೊಂಡರು. ಗಾಳಿ ಬಿಟ್ಟಿರಲಿಲ್ಲ ಎಂಬುದು ನಿಜವೇ. ಮಾದಯ್ಯ ಯಾರಿಗೂ ಎದುರಾಡಲು ಹೋಗಲಿಲ್ಲ. ಆ ಕೂಗು ಕಿವಿಗೆ ಬಿದ್ದದ್ದೇ ತಡ, ಕೈಯಲ್ಲಿದ್ದ ಕುಡುಗೋಲು ಇದ್ದಲ್ಲೇ ಬಿಟ್ಟು ಓಡುತ್ತಿದ್ದ. ಎರಡನೆಯ ಸಲ ಕೂಗುವಷ್ಟು ಉಸಿರು ಅವಳಲ್ಲಿ ಇದೆಯೋ ಇಲ್ಲವೋ, ಅವನಿಗೆ ಗೊತ್ತಿರಲಿಲ್ಲ.